ಎರಡು ಗಣಕಯಂತ್ರಗಳಿಗೆ ಒಂದು ಪರದೆ

ಶಾಸನಗಳ ಪಡಿಯಚ್ಚುಗಳನ್ನೂ ಹಳೆಯ ಕಡತಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಓದುವ ಪದ್ಧತಿಯ ಜೊತೆಗೆ, ಅವುಗಳ ಛಾಯಾಚಿತ್ರಗಳನ್ನು ಗಣಕಯಂತ್ರದ ಪರದೆಯ ಮೇಲೆ ಓದುವ ಪದ್ಧತಿಯೂ ಇತಿಹಾಸ ವಿಭಾಗಗಳಲ್ಲಿ ಈಗ ನೆಲೆಗೊಂಡಿದೆ. ಬಿ. ಎಲ್. ರೈಸರು 1886ರಲ್ಲಿ ಪ್ರಕಟಿಸಲು ತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಳೆಯ ಸಂಪುಟಗಳು ಇಂದು ಸ್ಕ್ಯಾನ್ ಮಾಡಿದ ರೂಪದಲ್ಲಿ ದೊರೆಯುತ್ತವೆ. ಇವನ್ನು ಓದಲು ತಕ್ಕ ಪರದೆ ಯಾವುದೆಂಬ ಪ್ರಶ್ನೆಯನ್ನು ಮಾತ್ರ ನಾವು ಸಾಮಾನ್ಯವಾಗಿ ಅಂಗಡಿಯವರ ಮಾತಿಗೇ ಬಿಟ್ಟುಬಿಡುತ್ತೇವೆ. ವಿಭಾಗದಲ್ಲಿರುವ ಹಣವು ಒಂದು ಒಳ್ಳೆಯ ಪರದೆಗೆ ಸಾಲುವಷ್ಟೇ ಇದ್ದು, ಅದನ್ನು ವಿಭಾಗದ ಡೆಸ್ಕ್‌ಟಾಪ್ ಯಂತ್ರವೂ ಅಧ್ಯಾಪಕರ ಲ್ಯಾಪ್‌ಟಾಪೂ ಹಂಚಿಕೊಳ್ಳಬೇಕಾದಾಗ ಪ್ರಶ್ನೆ ಇನ್ನೂ ತೊಡಕಾಗುತ್ತದೆ. ಈ ತೊಡಕನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಆಯ್ಕೆಯು ಪರದೆಯಿಂದ ತೊಡಗಬಾರದು. ಎರಡು ಯಂತ್ರಗಳಲ್ಲಿಯೂ ಇರುವ ಪೋರ್ಟುಗಳಿಂದ ತೊಡಗಬೇಕು.

ಪರದೆಯ ಸೂಕ್ಷ್ಮತೆಗೆ ಇಷ್ಟೊಂದು ಮಹತ್ತ್ವವೇಕೆಂದು ಕೇಳಬಹುದು. ಪಕಾರದ ಒಡಲಲ್ಲಿ ಒಂದು ಅಡ್ಡಗೆರೆ ಕಂಡರೆ ಅದು ಷಕಾರ, ಕಾಣದಿದ್ದರೆ ಪಕಾರ. ಅಚ್ಚಿನ ಪುಟದಲ್ಲಿ ದಕಾರ, ಧಕಾರ, ಥಕಾರಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸೀಳು, ಒಳಗಿನ ಒಂದು ಚುಕ್ಕೆ. ಶಕವರ್ಷದ ಒಂದು ಅಂಕಿಯನ್ನು ಬೇರೆಯಾಗಿ ಓದಿದರೆ ಶಾಸನವು ಮತ್ತೊಬ್ಬ ಅರಸನ ಆಳ್ವಿಕೆಗೆ ಸೇರಿಹೋಗಬಹುದು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ವರ್ಷದ ಉಲ್ಲೇಖವೇ ಇಲ್ಲ. ಅದನ್ನು ಸುಮಾರು ಕ್ರಿ. ಶ. 450ಕ್ಕೆ ಸೇರಿಸುವುದಕ್ಕಾಗಲಿ, ಆ ನಿರ್ಣಯವನ್ನು ಪ್ರಶ್ನಿಸುವುದಕ್ಕಾಗಲಿ ಅಕ್ಷರಗಳ ರೂಪವು ಮುಖ್ಯವಾದ ಆಧಾರಗಳಲ್ಲೊಂದು. ಇಂತಹ ಗೆರೆಗಳು ಚಿತ್ರದಲ್ಲಿ ಇದ್ದೂ ಪರದೆಯ ಮೇಲೆ ಅಳಿಸಿಹೋದರೆ ಓದುವವನಿಗೆ ಅದು ತಿಳಿಯುವುದೇ ಇಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಬಹುದೆಂಬುದು ನಿಜ. ಆದರೆ ಹಿಗ್ಗಿಸಿದೊಡನೆ ಸಾಲಿನ ಉಳಿದ ಭಾಗ ಕಣ್ಣಿನಿಂದ ಮರೆಯಾಗುತ್ತದೆ. ಸವೆದ ಅಕ್ಷರವನ್ನು ಅದರ ನೆರೆಹೊರೆಯ ಅಕ್ಷರಗಳೊಡನೆ ಹೋಲಿಸಿಯೇ ಓದಬೇಕಾದ್ದರಿಂದ ಇದು ಸಣ್ಣ ನಷ್ಟವಲ್ಲ.

ಪರದೆಯ ಚಿತ್ರವು ಪಿಕ್ಸೆಲ್‌ಗಳೆಂಬ ಬಿಂದುಗಳಿಂದ ಕೂಡಿರುವುದಷ್ಟೆ. ಕಚೇರಿಗಳಲ್ಲಿ ಸಾಮಾನ್ಯವಾದ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ‘4ಕೆ’ ಎಂದು ಕರೆಯಲ್ಪಡುವ ಪರದೆಯಲ್ಲಿ 3840ಕ್ಕೆ 2160. ಮೊದಲನೆಯದರಲ್ಲಿ ಸುಮಾರು 20 ಲಕ್ಷ ಬಿಂದುಗಳಾದರೆ ಎರಡನೆಯದರಲ್ಲಿ ಸುಮಾರು 83 ಲಕ್ಷ, ಎಂದರೆ ಸರಿಯಾಗಿ ನಾಲ್ಕು ಪಟ್ಟು. ಇವೆರಡರ ನಡುವೆ 2560ಕ್ಕೆ 1440ರ ವರ್ಗವೊಂದುಂಟು. ಆದರೆ ಬಿಂದುಗಳ ಒಟ್ಟು ಸಂಖ್ಯೆಗಿಂತ, ಒಂದು ಅಂಗುಲದಲ್ಲಿ ಎಷ್ಟು ಬಿಂದುಗಳು ಅಡಗಿವೆಯೆಂಬುದೇ ಓದುಗನಿಗೆ ಬೇಕಾದ ಲೆಕ್ಕ. 24 ಅಂಗುಲದ ಸಾಮಾನ್ಯ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92. 27 ಅಂಗುಲದ ಮಧ್ಯಮ ವರ್ಗದ ಪರದೆಯಲ್ಲಿ 109. ಅದೇ ಅಳತೆಯ 4ಕೆ ಪರದೆಯಲ್ಲಿ 163. 32 ಅಂಗುಲದ 4ಕೆ ಪರದೆಯಲ್ಲಿ 138.

ಇವುಗಳಲ್ಲಿ ಎಷ್ಟು ಸಾಕು? ಆರೋಗ್ಯವಾದ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ಕಾಣಬಲ್ಲದೆಂದು ಗಣಿಸುತ್ತಾರೆ. 60 ಸೆಂಟಿಮೀಟರು ದೂರದಲ್ಲಿ ಕುಳಿತವನಿಗೆ ಇದು ಸುಮಾರು 0.17 ಮಿಲಿಮೀಟರಿಗೆ, ಎಂದರೆ ಅಂಗುಲಕ್ಕೆ ಸುಮಾರು 146 ಬಿಂದುಗಳಿಗೆ ಸಮನಾಗುತ್ತದೆ. ಆದುದರಿಂದ 27 ಅಂಗುಲದ 4ಕೆ ಪರದೆಯು ಈ ಮಿತಿಯನ್ನು ದಾಟುತ್ತದೆ. 32 ಅಂಗುಲದ್ದು ಅದರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಸಾಮಾನ್ಯ ಪರದೆ ಬಹಳ ಹಿಂದುಳಿಯುತ್ತದೆ. ಶಾಸನಪಾಠದ ಕೆಲಸಕ್ಕೆ 27 ಅಂಗುಲದ 4ಕೆ ಪರದೆಯೇ ತಕ್ಕದ್ದೆಂದು ನಾವು ಭಾವಿಸುತ್ತೇವೆ. ದೊಡ್ಡದಾದಷ್ಟೂ ಒಳ್ಳೆಯದೆಂಬ ಮಾತು ದೂರದರ್ಶನದ ಪೆಟ್ಟಿಗೆಗೆ ಸಲ್ಲಬಹುದು.

ಪರದೆಯನ್ನು ನಿಲುವಾಗಿ ತಿರುಗಿಸಬಲ್ಲ ಪೀಠವಿದ್ದರೆ ಅದರಿಂದ ಮತ್ತೊಂದು ಪ್ರಯೋಜನವುಂಟು. ಎಂಟು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ 2400ಕ್ಕೆ 3000 ಬಿಂದುಗಳ ಚಿತ್ರವಾಗುತ್ತದೆ. ಚಿತ್ರದ ಒಂದು ಬಿಂದುವಿಗೆ ಪರದೆಯ ಒಂದು ಬಿಂದುವಿನಂತೆ ತೋರಿಸಿದಾಗ, ಸಾಮಾನ್ಯ ಪರದೆಯಲ್ಲಿ ಆ ಪುಟದ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಣುತ್ತದೆ, ಅಷ್ಟೆ. ನಿಲುವಾಗಿ ತಿರುಗಿಸಿದ 4ಕೆ ಪರದೆಯಲ್ಲಿ ಪೂರ್ಣ ಎತ್ತರವೂ ಅಗಲದ ಹತ್ತರಲ್ಲಿ ಒಂಬತ್ತು ಪಾಲೂ ಒಮ್ಮೆಗೇ ಕಾಣುತ್ತವೆ. ಅಂಚಿನ ಬಿಳಿಯ ಜಾಗವನ್ನು ಕಳೆದರೆ ಇಡಿಯ ಪುಟವೇ ಕಣ್ಣೆದುರಿಗಿದ್ದಂತೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯಬೇಕಾದರೆ, ಬಿಂದುವಿಗೆ 24 ಬಿಟ್‌ಗಳಂತೆ, ಸೆಕೆಂಡಿಗೆ ಸುಮಾರು 1,200 ಕೋಟಿ ಬಿಟ್‌ಗಳು ಯಂತ್ರದಿಂದ ಪರದೆಗೆ ಹರಿಯಬೇಕು. ಈ ಹರಿವಿಗೆ ಪೋರ್ಟು, ಕೇಬಲ್ಲು, ಪರದೆ ಎಂಬ ಮೂರು ಕೊಂಡಿಗಳಿವೆ. ಮೂರರಲ್ಲಿ ಅತಿ ದುರ್ಬಲವಾದದ್ದು ಯಾವುದೋ ಅದರ ಶಕ್ತಿಯೇ ಇಡೀ ಏರ್ಪಾಟಿನ ಶಕ್ತಿ. 1987ರಲ್ಲಿ ಬಂದ ವಿಜಿಎ ಎಂಬ ನೀಲಿ ಬಣ್ಣದ ಹಳೆಯ ಪೋರ್ಟು ಈ ಕೆಲಸಕ್ಕೆ ಸಲ್ಲದೆಂಬುದು ಬಹುಮಂದಿಗೆ ತಿಳಿದಿದೆ. ತಿಳಿಯದೆ ಇರುವುದು ಎಚ್‌ಡಿಎಂಐ ಪೋರ್ಟಿನ ಒಳಭೇದ. ಅದರ 1.4 ಎಂಬ 2009ರ ಆವೃತ್ತಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳುಹಿಸಬಲ್ಲದು; 60 ಬಾರಿ ಕಳುಹಿಸುವ 2.0 ಆವೃತ್ತಿ ಬಂದದ್ದು 2013ರಲ್ಲಿ. ಹೊರಗಿನಿಂದ ನೋಡಿದರೆ ಎರಡೂ ಪೋರ್ಟುಗಳು ಒಂದೇ ಬಗೆ. 2013ರ ನಂತರ ತಯಾರಾದ ಎಷ್ಟೋ ಕಚೇರಿಯ ಯಂತ್ರಗಳಲ್ಲಿಯೂ ಹಳೆಯ ಆವೃತ್ತಿಯೇ ಉಳಿದುಕೊಂಡಿತ್ತು. ಅದೇ ಯಂತ್ರಗಳಲ್ಲಿ ಪಕ್ಕದಲ್ಲಿಯೇ ಡಿಸ್‌ಪ್ಲೇಪೋರ್ಟ್ ಎಂಬ, ಒಂದು ಮೂಲೆ ಕತ್ತರಿಸಿದಂತಹ ಪೋರ್ಟು ಇರುವುದುಂಟು, ಅದರ 1.2ನೆಯ ಆವೃತ್ತಿಯೇ 60 ಬಾರಿಯ ಹರಿವನ್ನು ನಿರಾಯಾಸವಾಗಿ ಹೊರುತ್ತದೆ. ಎಂದರೆ, ಹಳೆಯ ಯಂತ್ರವನ್ನು ಹಳಿಯುವ ಮೊದಲು ಅದರ ಬೆನ್ನನ್ನೊಮ್ಮೆ ತಿರುಗಿಸಿ ನೋಡುವುದು ಉಚಿತ.

ಸೆಕೆಂಡಿಗೆ 30 ಬಾರಿಯಾದರೆ ನಷ್ಟವೇನು? ನಿಶ್ಚಲವಾದ ಚಿತ್ರದ ಸ್ಪಷ್ಟತೆಯಲ್ಲಿ ನಷ್ಟವೇನೂ ಇಲ್ಲ. ಷಕಾರದ ಅಡ್ಡಗೆರೆ ಆಗಲೂ ಕಾಣುತ್ತದೆ. ಆದರೆ ಮೌಸಿನ ಬಾಣ ಕೈಗಿಂತ ಹಿಂದೆ ಬೀಳುತ್ತದೆ, ಪುಟ ಸರಿಸುವಾಗ ಸಾಲುಗಳು ಜಗ್ಗಿದಂತಾಗುತ್ತವೆ. ವಾರಕ್ಕೊಮ್ಮೆ ಪಡಿಯಚ್ಚು ನೋಡುವವರು ಇದನ್ನು ಸಹಿಸಬಹುದು. ದಿನವಿಡೀ ಬೆರಳಚ್ಚು ಮಾಡುವವರಿಗೆ ಇದು ಹಿಂಸೆ.

ಲ್ಯಾಪ್‌ಟಾಪಿನ ವಿಷಯದಲ್ಲಿ ಮುಖ್ಯವಾದದ್ದು 2014ರಲ್ಲಿ ರೂಪುಗೊಂಡ ಯುಎಸ್‌ಬಿ-ಸಿ. ಇದರ ಮೂಲಕ ಚಿತ್ರವೂ ವಿದ್ಯುತ್ತೂ ಒಂದೇ ಕೇಬಲ್ಲಿನಲ್ಲಿ ಹರಿಯುವುದರಿಂದ, ಅಧ್ಯಾಪಕರು ಬಂದು ಒಂದು ತುದಿಯನ್ನು ಸಿಕ್ಕಿಸಿದರೆ ಸಾಕು. ಪರದೆಯೂ ಬೆಳಗುತ್ತದೆ, ಬ್ಯಾಟರಿಯೂ ತುಂಬುತ್ತದೆ. ಆದರೆ ಆ ಆಕಾರದ ಪೋರ್ಟುಗಳೆಲ್ಲವೂ ಚಿತ್ರವನ್ನು ಹೊರುವುದಿಲ್ಲ; ಕೆಲವು ಕಡತ ಸಾಗಣೆಗೆ ಮಾತ್ರ ಉಂಟು. ಪೋರ್ಟಿನ ಬಳಿಯ ಗುರುತನ್ನೂ ತಯಾರಕರ ವಿವರಪಟ್ಟಿಯನ್ನೂ ನೋಡಿಯೇ ಇದನ್ನು ನಿಶ್ಚಯಿಸಬೇಕು. ಚಿತ್ರದ ಹರಿವೇ ಕೇಬಲ್ಲಿನ ಬಹುಭಾಗವನ್ನು ಆಕ್ರಮಿಸಿದಾಗ ಪರದೆಯಲ್ಲಿರುವ ಇತರ ಯುಎಸ್‌ಬಿ ಪೋರ್ಟುಗಳ ವೇಗ ಇಳಿಯುವುದುಂಟಾದ್ದರಿಂದ, ಸ್ಕ್ಯಾನ್ ಕಡತಗಳ ಹಾರ್ಡ್‌ಡಿಸ್ಕನ್ನು ನೇರವಾಗಿ ಯಂತ್ರಕ್ಕೇ ಜೋಡಿಸುವುದು ಲೇಸು.

ಒಂದೇ ಕೇಬಲ್ಲಿನ ಈ ಸೌಕರ್ಯ ಹೊಸದು. 2001ರಲ್ಲಿ ಐಬಿಎಂ ಸಂಸ್ಥೆಯು ಟಿ220 ಎಂಬ 22.2 ಅಂಗುಲದ ಪರದೆಯನ್ನು ಹೊರತಂದಿತು. ಅದರಲ್ಲಿ 3840ಕ್ಕೆ 2400 ಬಿಂದುಗಳಿದ್ದವು. ಅಂಗುಲಕ್ಕೆ ಸುಮಾರು 204! ಇಂದಿನ ಸಾಮಾನ್ಯ 4ಕೆ ಪರದೆಗಿಂತಲೂ ಅದು ಸೂಕ್ಷ್ಮ. ಆದರೆ ಅಷ್ಟು ಬಿಂದುಗಳನ್ನು ಹೊತ್ತು ತರಬಲ್ಲ ಒಂಟಿ ಮಾರ್ಗ ಆಗ ಇರಲಿಲ್ಲವಾಗಿ, ಚಿತ್ರವನ್ನು ಭಾಗಗಳಾಗಿ ಸೀಳಿ ಹಲವು ಸಂಪರ್ಕಗಳ ಮೂಲಕ ಕಳುಹಿಸಬೇಕಾಯಿತು. ಪರದೆಯ ಚರಿತ್ರೆಯಲ್ಲಿ ಗಾಜು ಮುಂದೆ ಹೋಗಿ ತಂತಿ ಹಿಂದುಳಿದ ಪ್ರಸಂಗಗಳಲ್ಲಿ ಇದೂ ಒಂದು.

ಎರಡು ಯಂತ್ರಗಳ ನಡುವೆ ಪರದೆಯನ್ನು ಹಂಚುವುದು ಹೇಗೆ? ಎರಡನ್ನೂ ಬೇರೆಬೇರೆ ಪೋರ್ಟುಗಳಿಗೆ ಜೋಡಿಸಿ, ಪರದೆಯ ಗುಂಡಿಯಿಂದ ಒಂದರಿಂದ ಮತ್ತೊಂದಕ್ಕೆ ಹೋಗುವುದು ಸರಳವಾದ ದಾರಿ. ಕೀಲಿಮಣೆ ಮತ್ತು ಮೌಸುಗಳು ಮಾತ್ರ ಎರಡು ಜೊತೆ ಬೇಕಾಗುತ್ತವೆ. ಅವನ್ನೂ ಹಂಚಲು ‘ಕೆವಿಎಂ’ ಎಂಬ ಸ್ವಿಚ್ಚು ಉಂಟು. ಇದು ಪರದೆಯೊಳಗೇ ಅಡಕವಾಗಿದ್ದರೆ ಉತ್ತಮ. ಪ್ರತ್ಯೇಕ ಪೆಟ್ಟಿಗೆಯಾದರೆ ಮೇಲೆ ಹೇಳಿದ ಮೂರು ಕೊಂಡಿಗಳಿಗೆ ನಾಲ್ಕನೆಯದೊಂದು ಸೇರಿದಂತಾಯಿತು. ಅದೂ 4ಕೆ ಚಿತ್ರವನ್ನು 60 ಬಾರಿ ದಾಟಿಸಬಲ್ಲದ್ದಾಗಿರಬೇಕು.

ನಮಗೆ ಹೆಚ್ಚು ಉಪಯುಕ್ತವಾಗಿ ತೋರಿದ್ದು ಕೆಲವು ಪರದೆಗಳಲ್ಲಿರುವ ಮತ್ತೊಂದು ಸೌಲಭ್ಯ: ಪರದೆಯನ್ನು ಎರಡು ಅರ್ಧಗಳಾಗಿ ಮಾಡಿ, ಎರಡೂ ಯಂತ್ರಗಳ ಚಿತ್ರವನ್ನು ಅಕ್ಕಪಕ್ಕದಲ್ಲಿ ಒಮ್ಮೆಗೇ ತೋರಿಸುವುದು. 4ಕೆ ಪರದೆಯ ಒಂದೊಂದು ಅರ್ಧವೂ 1920ಕ್ಕೆ 2160. ಅದೇ ಒಂದು ಸಾಮಾನ್ಯ ಪರದೆಯ ಎರಡರಷ್ಟು. ಎಡಕ್ಕೆ ವಿಭಾಗದ ಯಂತ್ರದಿಂದ ಶಾಸನದ ಚಿತ್ರ, ಬಲಕ್ಕೆ ಲ್ಯಾಪ್‌ಟಾಪಿನಲ್ಲಿ ಪಾಠ ಬರೆಯುವ ಪುಟ. ಚಿತ್ರದಿಂದ ಬರಹಕ್ಕೆ ಕಣ್ಣು ಹೊರಳಿದಾಗ ಸಾಲು ತಪ್ಪುವ ಪ್ರಮಾದ ಇದರಿಂದ ಎಷ್ಟೋ ಕಡಮೆಯಾಗುತ್ತದೆ. ವಿದ್ಯಾರ್ಥಿಯೊಬ್ಬನು ಓದಿದ್ದನ್ನು ಅಧ್ಯಾಪಕರು ಮಗ್ಗುಲಲ್ಲಿ ಕುಳಿತು ತಿದ್ದುವುದಕ್ಕೂ ಇದು ಅನುಕೂಲ. ಇಬ್ಬರು ಓರೆಯಿಂದ ನೋಡಿದರೂ ಛಾಯೆ ಕೆಡಬಾರದಾದ್ದರಿಂದ ಐಪಿಎಸ್ ಬಗೆಯ, ಹೊಳಪಿಲ್ಲದ ಮೈಯ ಪರದೆಯನ್ನು ಆರಿಸಬೇಕು. ಬಾಗಿದ ಪರದೆಗಳು ನಮಗೆ ಬೇಡ.

ಪರದೆ ಬಂದ ಮೇಲೆ ಆಗುವ ಒಂದು ಅಪಚಾರವನ್ನು ಇಲ್ಲಿ ಹೇಳಲೇಬೇಕು. 27 ಅಂಗುಲದ 4ಕೆ ಪರದೆಯನ್ನು ಹಾಗೆಯೇ ಬಳಸಿದರೆ ಬರಹವು 24 ಅಂಗುಲದ ಸಾಮಾನ್ಯ ಪರದೆಗಿಂತ ಸರಿಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಒತ್ತಕ್ಷರಗಳು ಕಾಣುವುದಿಲ್ಲವೆಂದು ಬೇಸತ್ತು ಕೆಲವರು ಪರದೆಯ ಬಿಂದುಸಂಖ್ಯೆಯನ್ನೇ 1920ಕ್ಕೆ 1080ಕ್ಕೆ ಇಳಿಸಿಬಿಡುತ್ತಾರೆ. ಕೊಟ್ಟ ಹಣವೆಲ್ಲ ಅಲ್ಲಿಗೆ ನೀರಿನಲ್ಲಿ ಹೋಮ! ಮಾಡಬೇಕಾದದ್ದು, ಬಿಂದುಸಂಖ್ಯೆಯನ್ನು ಪೂರ್ಣವಾಗಿ ಇಟ್ಟು, ವಿಂಡೋಸಿನ ‘ಸ್ಕೇಲ್’ ಎಂಬಲ್ಲಿ ಶೇಕಡಾ 150 ಎಂದು ನಿಗದಿಮಾಡುವುದು. ಆಗ ಅಕ್ಷರವೂ ದೊಡ್ಡದಾಗುತ್ತದೆ, ಅದನ್ನು ರೂಪಿಸುವ ಬಿಂದುಗಳೂ ಹೆಚ್ಚುತ್ತವೆ. ಈ ನಿಗದಿ ಯಂತ್ರಕ್ಕೆ ಸೇರಿದ್ದು, ಪರದೆಗಲ್ಲ. ಆದುದರಿಂದ ಎರಡು ಯಂತ್ರಗಳಲ್ಲಿಯೂ ಬೇರೆಬೇರೆಯಾಗಿ ಮಾಡಬೇಕು. ಹೀಗೆ ಮಾಡಿದ ಮೇಲೆ ಬ್ರೌಸರಿನಲ್ಲಿ ತೆರೆದ ಚಿತ್ರವೂ ಒಂದೂವರೆ ಪಟ್ಟು ಹಿಗ್ಗಿ ಸ್ವಲ್ಪ ಮಸುಕಾಗುತ್ತದೆ. ಶಾಸನದ ಚಿತ್ರವನ್ನು ಇಳಿಸಿಕೊಂಡು, ಚಿತ್ರ ನೋಡುವ ತಂತ್ರಾಂಶದಲ್ಲಿ ಬಿಂದುವಿಗೆ ಬಿಂದುವಿನಂತೆ ನೋಡುವುದು ಕ್ಷೇಮ. ಮೂಲ ಚಿತ್ರವೇ ಒರಟಾಗಿದ್ದರೆ ಯಾವ ಪರದೆಯೂ ಅದಕ್ಕೆ ಹೊಸ ಗೆರೆಯನ್ನು ಕೂಡಿಸಲಾರದು.

ಕಾಲೇಜುಗಳು ಕೊಟೇಶನ್ ಕರೆಯುವಾಗ ‘27 ಅಂಗುಲದ 4ಕೆ ಮಾನಿಟರು’ ಎಂದಷ್ಟೇ ಬರೆದರೆ ಸಾಲದು. ಡಿಸ್‌ಪ್ಲೇಪೋರ್ಟ್ ಒಂದು, ಎಚ್‌ಡಿಎಂಐ 2.0 ಒಂದು, ಚಿತ್ರವನ್ನೂ ಕನಿಷ್ಠ 65 ವ್ಯಾಟ್ ವಿದ್ಯುತ್ತನ್ನೂ ಸಾಗಿಸುವ ಯುಎಸ್‌ಬಿ-ಸಿ ಒಂದು, ಒಳಗೇ ಇರುವ ಕೆವಿಎಂ, ತಿರುಗುವ ಪೀಠ, ಎರಡು ಚಿತ್ರಗಳನ್ನು ಒಟ್ಟಿಗೆ ತೋರಿಸುವ ಸೌಲಭ್ಯ, ಇವೆಲ್ಲವನ್ನೂ ನಮೂದಿಸಬೇಕು. ಇಲ್ಲದಿದ್ದರೆ ಕಡಮೆ ಬೆಲೆಯ ನೆವದಿಂದ ಇವೇ ಮೊದಲು ಕೈಬಿಟ್ಟುಹೋಗುತ್ತವೆ. ಪರದೆಯನ್ನು ಸ್ವೀಕರಿಸುವ ದಿನ ಎರಡೂ ಯಂತ್ರಗಳನ್ನು ಜೋಡಿಸಿ, ಎರಡರಲ್ಲಿಯೂ 3840ಕ್ಕೆ 2160 ಮತ್ತು 60 ಎಂಬ ಅಂಕಿಗಳನ್ನು ಕಂಡ ಮೇಲೆಯೇ ಬಿಲ್ಲಿಗೆ ಸಹಿ ಮಾಡುವುದು ಯುಕ್ತ. ಕೇಬಲ್ಲುಗಳಿಗೆ ‘ಪರದೆಯದು’ ಎಂದು ಚೀಟಿ ಕಟ್ಟಿಡುವುದೂ ಅಗತ್ಯ. ಸಭಾಂಗಣದ ಪ್ರೊಜೆಕ್ಟರಿಗೆಂದು ಯಾರಾದರೂ ಒಯ್ದು, ಅದರ ಸ್ಥಾನದಲ್ಲಿ ಹಳೆಯದೊಂದನ್ನು ತಂದಿಟ್ಟರೆ, ಪರದೆ ಏಕೆ ಮಿನುಗುತ್ತಿದೆಯೆಂದು ಹುಡುಕುವುದರಲ್ಲಿ ಒಂದು ವಾರ ಕಳೆಯುತ್ತದೆ.