ಶಾಲೆಯ ಕಪಾಟು ತೆರೆಯಬೇಕಾದರೆ

ನಮ್ಮ ನಾಡಿನ ಅನೇಕ ಶಾಲೆಗಳಲ್ಲಿ ಪುಸ್ತಕಗಳಿವೆ, ಓದುವವರು ವಿರಳ. ಬೀಗ ಹಾಕಿದ ಕಪಾಟು, ಅದರೊಳಗೆ ಹಾಳೆ ಬಿಡಿಸದ ಹೊಸ ಪುಸ್ತಕಗಳು, ಈ ನೋಟ ಪಾಲಕರಾದ ತಮಗೆ ಅಪರಿಚಿತವೇನಲ್ಲ. ಹಣದ ಕೊರತೆಯೊಂದೇ ಇದಕ್ಕೆ ಕಾರಣವೆನ್ನಲಾಗದು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗಳಿಗೆ ಪುಸ್ತಕಗಳೂ ಬಂದವು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಶಾಲಾ ಗ್ರಂಥಾಲಯಕ್ಕೆ ವಾರ್ಷಿಕ ಅನುದಾನವನ್ನೇ ಗೊತ್ತುಪಡಿಸಿತು. ಆದರೆ ಪಟ್ಟಿಯನ್ನು ಸಿದ್ಧಪಡಿಸುವವರು ಮಕ್ಕಳಿಂದ ದೂರವಿದ್ದರೆ, ಪುಸ್ತಕವೂ ಮಕ್ಕಳಿಂದ ದೂರವೇ ಉಳಿಯುವುದು.

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಜಗದ್ವಿಖ್ಯಾತವಾಗಿವೆ. ಪುಸ್ತಕವಿರುವುದು ಬಳಕೆಗಾಗಿ, ಓದುಗನಿಗೂ ಪುಸ್ತಕಕ್ಕೂ ತಕ್ಕ ಜೊತೆ ಕೂಡಬೇಕು ಎಂಬುದು ಅವುಗಳ ತಿರುಳು. 1962ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ಕಾಲವಾದ ಆ ಮಹನೀಯರ ಮಾತು ನಮಗೆ ಪರಕೀಯವಲ್ಲ. ಶಾಲೆಯಲ್ಲಿ ಆ ಜೊತೆಯನ್ನು ಕೂಡಿಸಬಲ್ಲವರು ಯಾರು? ನಿತ್ಯವೂ ಮಗುವಿನ ಮುಖ ನೋಡುವ ಶಿಕ್ಷಕರು.

ಖರೀದಿಗೆ ಒಂದು ತಿಂಗಳು ಮೊದಲೇ ಮುಖ್ಯೋಪಾಧ್ಯಾಯರು ಪ್ರತಿಯೊಬ್ಬ ಶಿಕ್ಷಕರಿಗೂ ಒಂದು ಹಾಳೆ ಕೊಡಲಿ. ಅದರಲ್ಲಿ ನಾಲ್ಕು ಪ್ರಶ್ನೆಗಳು ಸಾಕು: ಯಾವ ಪಾಠವಾದ ಮೇಲೆ ಮಕ್ಕಳು ಹೆಚ್ಚು ತಿಳಿಯಬಯಸುತ್ತಾರೆ? ಮಗು ತಾನೇ ಓದಬಲ್ಲದ್ದು ಯಾವುದು, ಶಿಕ್ಷಕರು ಓದಿ ಹೇಳಬೇಕಾದದ್ದು ಯಾವುದು? ಎಷ್ಟು ಪ್ರತಿ ಬೇಕು? ಈಗಿರುವ ಪುಸ್ತಕಗಳಲ್ಲಿ ಮೂರು ವರ್ಷಗಳಿಂದ ಯಾರೂ ಮುಟ್ಟದವು ಯಾವುವು? ಭಾಷಾ ಶಿಕ್ಷಕರಷ್ಟೇ ಅಲ್ಲದೆ, ಗಣಿತ, ಚಿತ್ರಕಲೆ, ದೈಹಿಕ ಶಿಕ್ಷಣದವರೂ ಉತ್ತರಿಸಲಿ. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಆಡುವ ಮಗುವಿಗೆ ಎಂತಹ ಸರಳ ಸಚಿತ್ರ ಕನ್ನಡ ಪುಸ್ತಕ ಬೇಕೆಂಬುದು ತರಗತಿಯ ಗುರುಗಳಿಗಲ್ಲದೆ ಅನ್ಯರಿಗೆ ತಿಳಿಯದು.

ಹೆಸರಾಂತ ಕೃತಿಗಳ ವಿಷಯದಲ್ಲಿಯೂ ಈ ವಿವೇಕ ಅವಶ್ಯ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1930ರ ದಶಕದ ಅಪೂರ್ವ ಸಾಹಸ. ಆದರೆ ಅಂದಿನ ವಿಜ್ಞಾನದ ಸಂಗತಿಗಳ ಪಕ್ಕದಲ್ಲಿ ಇಂದಿನ ಪುಸ್ತಕವೊಂದನ್ನು ಇಡಬೇಕೆಂದು ವಿಜ್ಞಾನ ಶಿಕ್ಷಕರೇ ಸೂಚಿಸಬಲ್ಲರು.

ಬೇಡಿಕೆ ಹಣವನ್ನು ಮೀರುವುದು ಸಹಜ. ಆಗ ಗಟ್ಟಿಯಾಗಿ ಕೇಳಿದವರ ಪಾಲಿಗೇ ಎಲ್ಲವೂ ಹೋಗದಂತೆ ತರಗತಿವಾರು ಹಂಚಿಕೆ ಮಾಡಬೇಕು. ಪರೀಕ್ಷೆಯ ಗೈಡುಗಳೇ ತುಂಬದಂತೆ ಕಥೆ, ಪ್ರವಾಸ, ಜೀವನಚರಿತ್ರೆಗಳಿಗೆ ಒಂದು ಭಾಗ ಮೀಸಲಿರಲಿ. ಕೊಳ್ಳಲಾಗದ ಪುಸ್ತಕ ಯಾವುದು, ಏಕೆ ಎಂಬುದನ್ನು ಕೇಳಿದವರಿಗೆ ತಿಳಿಸಬೇಕು. ಇಲ್ಲವಾದರೆ ಮುಂದಿನ ವರ್ಷ ಆ ಹಾಳೆ ಖಾಲಿಯಾಗಿಯೇ ಮರಳುವುದು.

ಹಿರಿಯರ ಸ್ಮರಣಾರ್ಥ, ಮಕ್ಕಳ ಹುಟ್ಟುಹಬ್ಬದ ನಿಮಿತ್ತ ಶಾಲೆಗೆ ಪುಸ್ತಕ ಕೊಡುವ ಸದ್ಭಕ್ತ ಕುಟುಂಬಗಳು ನಮ್ಮಲ್ಲಿ ಉಂಟು. ಅವರಲ್ಲಿ ನಮ್ಮ ವಿನಂತಿಯಿಷ್ಟೆ: ಅಂಗಡಿಗೆ ಹೋಗುವ ಮುನ್ನ ಶಾಲೆಗೆ ಹೋಗಿರಿ, ಶಿಕ್ಷಕರ ಬಳಿ ಉಳಿದಿರುವ ಪಟ್ಟಿಯನ್ನು ಕೇಳಿರಿ. ಮಗುವಿನ ಕೈಯಲ್ಲಿ ಸವೆದ ಪುಸ್ತಕವೇ ಸಾರ್ಥಕವಾದ ದಾನ.