ವಾಹನಗಳಲ್ಲಿ ಮೊಬೈಲ್ ಹಾಗೂ ಪವರ್ ಬ್ಯಾಂಕ್ ಚಾರ್ಜ್ ಮಾಡುವಾಗ ವಹಿಸಬೇಕಾದ ಮುನ್ನೆಚ್ಚರಿಕೆಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಸಿಲು ತೀವ್ರವಾಗಿರುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣಾಂಶವು 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದ ಉಷ್ಣಾಂಶದಲ್ಲಿ ಚಾರ್ಜ್ ಮಾಡತಕ್ಕದ್ದಲ್ಲ. ಅತಿಯಾಗಿ ಕಾದ ಬ್ಯಾಟರಿಯು ಉಬ್ಬಿ, ಬೆಂಕಿ ಹೊತ್ತಿಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಪಾಲಿಸಲು ಕೋರಲಾಗಿದೆ:

1. ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಾಧನದ ತಯಾರಕರು ಸೂಚಿಸಿದ ಚಾರ್ಜರನ್ನೇ ಬಳಸುವುದು.
2. ಪವರ್ ಬ್ಯಾಂಕ್ ಖರೀದಿಸುವಾಗ ಬಿ.ಐ.ಎಸ್. ಗುರುತನ್ನು ಪರಿಶೀಲಿಸುವುದು.
3. ಸಾಧನಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಇರಿಸಕೂಡದು. ಇಳಿದು ಹೋಗುವಾಗ ವಾಹನದಲ್ಲಿ ಬಿಡಕೂಡದು.
4. ಉಬ್ಬಿದ ಅಥವಾ ಜಖಂಗೊಂಡ ಬ್ಯಾಟರಿಯನ್ನು ಚಾರ್ಜ್ ಮಾಡಕೂಡದು.
5. ಹೊಗೆ ಕಂಡುಬಂದಲ್ಲಿ ವಾಹನ ನಿಲ್ಲಿಸಿ, ಎಲ್ಲರೂ ಇಳಿದು ದೂರ ಸರಿದು, 112ಕ್ಕೆ ಕರೆ ಮಾಡುವುದು.

ವಿಶೇಷ ಸೂಚನೆ: ಇ-ಸಿಗರೇಟುಗಳ ಮಾರಾಟ ಹಾಗೂ ಸಂಗ್ರಹಣೆಯನ್ನು 2019ರ ಕೇಂದ್ರ ಕಾಯ್ದೆಯನ್ವಯ ನಿಷೇಧಿಸಲಾಗಿದೆ.