ನೂರು ಪುಟಗಳಿಗೆ ಒಂದೇ ಕಾವಲು: ಜಾವಾ ತಾಣಗಳ ಒಳವ್ಯವಸ್ಥೆ

ಬ್ಯಾಂಕಿನ ಅಂತರ್ಜಾಲ ತಾಣದಲ್ಲಿ ಯಾವ ಪುಟಕ್ಕೆ ಹೋದರೂ ಮೇಲೆ ಅದೇ ಲಾಂಛನ, ಪಕ್ಕದಲ್ಲಿ ಅದೇ ಪಟ್ಟಿ, ತುದಿಯಲ್ಲಿ ಗ್ರಾಹಕರ ಹೆಸರು ಕಾಣುತ್ತವೆ. ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಪ್ರತಿ ಪುಟದಲ್ಲಿ ನಡೆಯಬೇಕು: ಬಂದವರು ಲಾಗಿನ್ ಆಗಿದ್ದಾರೆಯೇ ಎಂಬ ತಪಾಸಣೆ. ನೂರು ಪುಟಗಳಲ್ಲಿ ಒಂದರಲ್ಲಿ ಇದು ಬಿಟ್ಟುಹೋದರೂ ಖಾತೆಯ ವಿವರಗಳು ಸೋರಲು ಆ ಒಂದು ಕಿಂಡಿ ಸಾಕು. ಹೀಗಾಗಿ ಎಲ್ಲ ಪುಟಗಳಿಗೂ ಸಮಾನವಾದ ವರ್ತನೆಯನ್ನು ಎಲ್ಲಿ ಬರೆದಿಡಬೇಕು ಎಂಬುದು ಜಾವಾ ತಂತ್ರಜ್ಞರಿಗೆ ಮುಖ್ಯ ಪ್ರಶ್ನೆಯಾಗಿದೆ.

ಎರಡು ಬಗೆಯ ಸೇರ್ಪಡೆ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1999ರಲ್ಲಿ ಹೊರತಂದ ಜೆಎಸ್‌ಪಿ ತಂತ್ರಜ್ಞಾನದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಇನ್‌ಕ್ಲೂಡ್ ನಿರ್ದೇಶನ. ಪುಟವು ಸರ್ವ್‌ಲೆಟ್ ಆಗಿ ಪರಿವರ್ತನೆಗೊಳ್ಳುವಾಗಲೇ ಸಾಮಾನ್ಯ ಕಡತದ ಪಠ್ಯ ಅದರೊಳಗೆ ಬೆರೆಯುತ್ತದೆ. ಎರಡನೆಯದು ಇನ್‌ಕ್ಲೂಡ್ ಕ್ರಿಯೆ. ಇಲ್ಲಿ ಪ್ರತಿ ಕೋರಿಕೆಗೂ ಸಾಮಾನ್ಯ ಕಡತ ಪ್ರತ್ಯೇಕವಾಗಿ ಚಾಲನೆಗೊಂಡು, ಅದರ ಫಲಿತಾಂಶ ಮಾತ್ರ ಪುಟಕ್ಕೆ ಸೇರುತ್ತದೆ.

ಲಾಂಛನ, ಪಟ್ಟಿಗಳಿಗೆ ಇವೆರಡೂ ಸಾಕು. ತಪಾಸಣೆಗೆ ಸಾಲವು. ಎರಡನೆಯ ದಾರಿಯಲ್ಲಿ ಸೇರಿದ ಕಡತವು ಉತ್ತರದ ಹೆಡರ್‌ಗಳನ್ನು ಬದಲಿಸುವಂತಿಲ್ಲ ಎಂಬುದು ಸರ್ವ್‌ಲೆಟ್ ನಿಯಮ. ಲಾಗಿನ್ ಪುಟಕ್ಕೆ ಕಳುಹಿಸುವ ರೀಡೈರೆಕ್ಟ್ ಆದೇಶ ಹೆಡರ್ ಮೂಲಕವೇ ಸಾಗಬೇಕಾದ್ದರಿಂದ ಅದು ನಿಷ್ಫಲವಾಗಿ, ಪುಟ ಯಥಾಪ್ರಕಾರ ತೆರೆದುಕೊಳ್ಳುತ್ತದೆ. ಮೊದಲನೆಯ ದಾರಿಯಲ್ಲಿ ಆದೇಶ ಸಾಗಿದರೂ, ಅದರ ಬೆನ್ನಿಗೇ ‘ರಿಟರ್ನ್’ ಬರೆಯದಿದ್ದರೆ ಪುಟದ ಉಳಿದ ಭಾಗ ಚಾಲನೆಗೊಳ್ಳುತ್ತಲೇ ಇರುತ್ತದೆ. ಹಣ ವರ್ಗಾವಣೆಯ ಪುಟದಲ್ಲಿ ಹೀಗಾದರೆ ಪರಿಣಾಮ ಊಹಿಸಬಹುದು.

ಬಾಗಿಲಲ್ಲೇ ತಡೆ

ಸರ್ವ್‌ಲೆಟ್ 2.3 ಆವೃತ್ತಿಯೊಡನೆ 2001ರಲ್ಲಿ ಬಂದ ಫಿಲ್ಟರ್ ಇದಕ್ಕೆ ಪರಿಹಾರ ಒದಗಿಸಿತು. ಕೋರಿಕೆ ಪುಟವನ್ನು ತಲುಪುವ ಮೊದಲೇ ಫಿಲ್ಟರ್ ಅದನ್ನು ಪರಿಶೀಲಿಸುತ್ತದೆ. ಅನುಮತಿ ಇಲ್ಲದಿದ್ದರೆ ಪುಟ ಚಾಲನೆಗೇ ಬರುವುದಿಲ್ಲ. ಆದರೆ ಕಾಯಬೇಕಾದ ಪುಟಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಹಳೆಯ ಮರೆವೇ ಹೊಸ ರೂಪದಲ್ಲಿ ಮರುಕಳಿಸುತ್ತದೆ. ಇಡೀ ತಾಣಕ್ಕೆ ಕಾವಲು ಹಾಕಿ, ಲಾಗಿನ್ ಪುಟದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಕೊಡುವುದು ಕ್ಷೇಮ.

ವಿನ್ಯಾಸಕ್ಕೆ ಅಚ್ಚು

ವಿನ್ಯಾಸದ ಹಂಚಿಕೆಗೂ ಕಾಲಕ್ರಮೇಣ ಉತ್ತಮ ವಿಧಾನಗಳು ಬಂದವು. 2003ರ ಜೆಎಸ್‌ಪಿ 2.0 ಟ್ಯಾಗ್ ಫೈಲ್‌ಗಳನ್ನು ನೀಡಿತು. ಇಲ್ಲಿ ಇಡೀ ಪುಟದ ಅಚ್ಚು ಒಂದೇ ಕಡತದಲ್ಲಿದ್ದು, ಪ್ರತಿ ಪುಟವೂ ತನ್ನ ತಿರುಳನ್ನಷ್ಟೇ ಅದಕ್ಕೆ ಒಪ್ಪಿಸುತ್ತದೆ. 2009ರಲ್ಲಿ ಜೆಎಸ್‌ಎಫ್ 2.0ರ ಭಾಗವಾದ ಫೇಸ್‌ಲೆಟ್ಸ್ ಇದೇ ಜಾಡಿನದು. ಅಪಾಚೆ ವಿಕೆಟ್‌ನಲ್ಲಿ ಮೂಲಪುಟವೊಂದರ ಜಾವಾ ವರ್ಗವನ್ನೇ ಇತರ ಪುಟಗಳು ಆನುವಂಶಿಕವಾಗಿ ಪಡೆಯುವುದರಿಂದ ರೂಪ, ವರ್ತನೆ ಎರಡೂ ಒಟ್ಟಿಗೆ ಬರುತ್ತವೆ. ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಅಪಾಚೆ ಟೈಲ್ಸ್ ಯೋಜನೆ 2018ರಲ್ಲಿ ನಿವೃತ್ತಿಗೊಂಡಿತು. ಸ್ಪ್ರಿಂಗ್ ಬಳಸುವವರಲ್ಲಿ ಅನೇಕರು ಈಗ ಥೈಮ್‌ಲೀಫ್‌ನ ತುಣುಕುಗಳನ್ನು ಬಳಸುತ್ತಾರೆ.

ಗ್ರಾಹಕರ ಹೆಸರಿನಂಥ ಮಾಹಿತಿಯನ್ನು ಎಲ್ಲ ಪುಟಗಳಿಗೆ ಒದಗಿಸಲು ಸ್ಪ್ರಿಂಗ್ 3.2ರಿಂದ ‘ಕಂಟ್ರೋಲರ್ ಅಡ್ವೈಸ್’ ಎಂಬ ಸೌಲಭ್ಯವಿದೆ. ಹೀಗೆ ರೂಪವನ್ನು ಅಚ್ಚಿಗೂ, ಮಾಹಿತಿಯನ್ನು ಕಂಟ್ರೋಲರ್‌ಗೂ, ತಪಾಸಣೆಯನ್ನು ಫಿಲ್ಟರ್‌ಗೂ ಹಂಚಿದರೆ, ನಾಳೆ ನೂರೊಂದನೆಯ ಪುಟ ಸೇರಿಸುವ ಹೊಸಬರು ಕಾವಲಿನ ವಿಷಯ ತಿಳಿಯದಿದ್ದರೂ ಆ ಪುಟ ಕಾವಲಿನೊಳಗೇ ಇರುತ್ತದೆ.